ಬೀಗ ಹಾಕಿದರೆ ಇನ್ನೂ ಹಸಿರು

ಹಸಿರು ಸಾರ್ವಜನಿಕ ಭವನಕ್ಕೆ ಮೊದಲು ಬೇಕಾದದ್ದು ಗಾಜು. ಅದೂ ಪಶ್ಚಿಮದ ಗೋಡೆಗೇ. ಇಳಿಹೊತ್ತಿನ ಸೂರ್ಯ ತಗ್ಗಿನಿಂದ ಇಣುಕುವವನು, ಸಜ್ಜಾಕ್ಕೆ ಜಗ್ಗುವುದಿಲ್ಲ. ಅವನನ್ನು ತಡೆಯಲು ನಿಲುವು ಪಟ್ಟಿಗಳನ್ನೋ ಜಾಲರಿ ಗೋಡೆಯನ್ನೋ ಗಾಜಿನ ಹೊರಗಡೆ ನಿಲ್ಲಿಸಬೇಕು. ಆಗ ಗಾಜು ಕಾಣುವುದಿಲ್ಲ. ಗಾಜೇ ಕಾಣದಿದ್ದರೆ ಪ್ರಗತಿ ಕಾಣುವುದು ಹೇಗೆ?

ಒಂದೇ ಪದರದ ಸಾದಾ ಗಾಜು, ಮೈಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮಧ್ಯಾಹ್ನ ಮೂರಾಯಿತೆಂದರೆ ಗುಮಾಸ್ತರು ಒಳಗಿನಿಂದ ಹಳೇ ಪೇಪರು ಅಂಟಿಸುತ್ತಾರೆ. ಪಾಪ, ಶಾಖ ಅಷ್ಟರಲ್ಲಿ ಗಾಜು ದಾಟಿ ಬಂದಾಗಿದೆ. ಪೇಪರು ತಡೆಯುವುದು ಹೆಚ್ಚಾಗಿ ಬೆಳಕನ್ನು. ಹಸಿರು ಪ್ರಮಾಣಪತ್ರದ ಪರೀಕ್ಷೆಯಲ್ಲಿ ಹಗಲು ಬೆಳಕಿಗೆಂದೇ ಅಂಕ ಗಿಟ್ಟಿಸಿದ ಕಚೇರಿಯಲ್ಲಿ ಹಗಲೇ ಟ್ಯೂಬ್‌ಲೈಟು, ಜೊತೆಗೆ ಎಸಿ.

ಚಾವಣಿಯ ಮೇಲೆ ಸೌರಫಲಕಗಳಿವೆ, ಚಿಂತೆ ಬೇಡ. ಕರೆಂಟು ಹೋದರೆ ಅವೂ ಹೋಗುತ್ತವೆ. ಕಂಬದ ಮೇಲಿರುವ ಲೈನ್‌ಮನ್‌ಗೆ ಫಲಕಗಳ ಕರೆಂಟು ಶಾಕ್ ಹೊಡೆಯಬಾರದೆಂದು ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ತಾನಾಗಿ ಆಫ್ ಆಗುತ್ತದೆ, ಅದು ಸರಿಯೇ. ನಾಲ್ಕು ದೀಪ, ಒಂದು ಪಂಪಿಗೆ ಸಾಲುವಷ್ಟು ಬ್ಯಾಟರಿ, ಅದಕ್ಕೆ ತಕ್ಕ, ಕರೆಂಟು ಹೋದಾಗಲೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಸೇರಿಸಿಲ್ಲ. ಹಾಗಾಗಿ ನೆತ್ತಿ ಸುಡುವ ಬಿಸಿಲಲ್ಲಿ, ಫಲಕಗಳ ಕೆಳಗೇ, ಡೀಸೆಲ್ ಜನರೇಟರ್ ಗುಡುಗುತ್ತದೆ. ಇನ್ನು ನೀರಿನ ಟ್ಯಾಂಕನ್ನು ಫಲಕಗಳಿಗೆ ನೆರಳು ಬೀಳುವ ಜಾಗದಲ್ಲೇ ಹುಡುಕಿ ಕೂರಿಸಿದ್ದಾರೆ. ಸಾಲಿನಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಇಳುವರಿ ಕುಗ್ಗುತ್ತದೆ. ಧೂಳು ತೊಳೆಯೋಣವೆಂದರೆ ಟ್ಯಾಂಕಿನ ಪಕ್ಕ ನಲ್ಲಿಯೇ ಇಲ್ಲ.

ಮಳೆಕೊಯ್ಲಿನ ಲೆಕ್ಕ ಇನ್ನೂ ಸೊಗಸು. 1,000 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 20,000 ಲೀಟರ್. ಸೋರಿದ್ದು, ಆರಿದ್ದು ಕಳೆದರೂ 16,000 ಸಿಗಬೇಕು. ಸಂಪು 5,000 ಲೀಟರಿನದು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ವಾಲ್ವ್ ಇಲ್ಲದ್ದರಿಂದ ವರ್ಷವಿಡೀ ಚಾವಣಿಯಲ್ಲಿ ಒಣಗಿದ ಪಾರಿವಾಳದ ಹಿಕ್ಕೆಯೇ ಮೊದಲ ತೀರ್ಥ. ವಾಸನೆ ತಾಳಲಾರದೆ ಕಾವಲುಗಾರ ಪೈಪು ಕಿತ್ತು ಚರಂಡಿಗೆ ತಿರುಗಿಸಿದ್ದಾನೆ. 'ಮಳೆನೀರು ಅಮೂಲ್ಯ' ಎಂಬ ಫಲಕವನ್ನು ಮಾತ್ರ ಮುಟ್ಟಿಲ್ಲ.

ರ‍್ಯಾಂಪೂ ಇದೆ. ಗಾಲಿಕುರ್ಚಿ 90 ಸೆಂಟಿಮೀಟರ್ ಎತ್ತರ ಏರಲು ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ 10.8 ಮೀಟರ್ ಉದ್ದ ಬೇಕು. ಕಟ್ಟಿರುವುದು ಮೂರು ಮೀಟರ್. ಬೈಕು ಹತ್ತಿಸಲು ಅನುಕೂಲವಾಗಿದೆ.

ಇಷ್ಟಾದರೂ ಹಸಿರು ಪ್ರಮಾಣಪತ್ರ ಸಿಕ್ಕಿದ್ದು ಹೇಗೆ ಎಂದು ಕೇಳಬೇಡಿ. ಅದು ನಕ್ಷೆಗೂ ಕಂಪ್ಯೂಟರಿನ ಅಂದಾಜಿಗೂ ಸಿಕ್ಕಿದ್ದು. ಕಟ್ಟಡಕ್ಕೂ ಅದಕ್ಕೂ ಸಂಬಂಧ ಕಲ್ಪಿಸುವುದು ತಪ್ಪು. ವರ್ಷದ ಕರೆಂಟು ಬಿಲ್ಲನ್ನು ಆ ಅಂದಾಜಿನ ಪಕ್ಕ ಇಟ್ಟು ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ಒಂದು ವೇಳೆ ಬಂದರೂ ಉಪಾಯ ಸಿದ್ಧವಿದೆ. ವಿದ್ಯುತ್ ದಕ್ಷತೆಯನ್ನು ಸಾಮಾನ್ಯವಾಗಿ ಅಳೆಯುವುದು ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು. ಎಷ್ಟು ಜನ ಬಳಸಿದರು ಎಂದಲ್ಲ. ಮೂರನೇ ಮಹಡಿಯ ಸಮುದಾಯ ಸಭಾಂಗಣಕ್ಕೆ ಬೀಗ ಬಿದ್ದಿರುವುದನ್ನು ನಿರ್ಲಕ್ಷ್ಯವೆಂದು ಬೈಯುವವರಿಗೆ ಭಾಗಾಕಾರ ಬರುವುದಿಲ್ಲ. ಅದರ ವಿಸ್ತೀರ್ಣ ಲೆಕ್ಕದೊಳಗಿದೆ, ಫ್ಯಾನು ತಿರುಗುತ್ತಿಲ್ಲ. ಮುಂದಿನ ವರ್ಷ ವಾಚನಾಲಯಕ್ಕೂ ಬೀಗ ತರಿಸುತ್ತಿದ್ದಾರೆ.