ಟ್ರಿಪ್ಪಿಗಿಂತ ಪಾಳಿ ಬದಲಾಗೋ ಹತ್ತು ನಿಮಿಷ ದೊಡ್ಡದು

ವರ್ಷಕ್ಕೊಮ್ಮೆ ಬಸ್ ಮಾಡಿ ಎಲ್ಲಾರನ್ನೂ ಗೋಕಾಕ ಫಾಲ್ಸಿಗೆ ಒಯ್ದು, ಒಂದ ಬಣ್ಣದ ಟೀ-ಶರ್ಟ್ ಹಾಕಿಸಿ ಫೋಟೊ ಹೊಡಿಸಿದ್ರ ಟೀಮ್ ಆತು ಅಂತ ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಾಗ ಭಾಳ ಮಂದಿ ತಿಳದಾರ. ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಒಗ್ಗಟ್ಟು ಎಷ್ಟೈತಿ ಅನ್ನೂದು ಮರುದಿನ ಒಂದು ಕಾಸ್ಟಿಂಗ್ (ಉಸುಕಿನ ಅಚ್ಚಿಗೆ ಲೋಹ ಹೊಯ್ದು ಮಾಡಿದ ಪೀಸ್) ರಿಜೆಕ್ಟ್ ಆದಾಗ ಗೊತ್ತಾಗತೈತಿ.

ಬ್ಲೋಹೋಲ್ ತಗೊಳ್ರಿ, ಅಂದ್ರ ಗ್ಯಾಸ್ ಸಿಕ್ಕೊಂಡು ಕಾಸ್ಟಿಂಗಿನಾಗ ಆಗೋ ತೂತು. ಲೇಥ್ ಮ್ಯಾಲೆ ಒಂದು ಕಟ್ ಹೊಡದಾಗ ತೂತು ಕಾಣತೈತಿ. ಮೋಲ್ಡಿಂಗ್‌ನವರು 'ಮೆಟಲ್ ತಣ್ಣಗಿತ್ತು' ಅಂತಾರ, ಫರ್ನೇಸ್‌ನವರು 'ಉಸುಕು ಹಸಿ ಇತ್ತು' ಅಂತಾರ, ಕೋರ್ (ಪೀಸಿನ ಒಳಗ ಪೊಳ್ಳು ಜಾಗ ಬಿಡಾಕ ಅಚ್ಚಿನಾಗ ಇಡೋ ಉಸುಕಿನ ಗಟ್ಟಿ) ಮಾಡೋ ಶಾಪಿನವರು ಮಾತ ಆಡಂಗಿಲ್ಲ. ಮಜಾ ಅಂದ್ರ ಮೂರೂ ಕಡೆ ತಪ್ಪು ಇರಬಹುದು. ಅಚ್ಚು ಮಾಡೋ ಹಸಿ ಉಸುಕಿನ ತೇವ ಸಾಮಾನ್ಯವಾಗಿ ಶೇ. 3-4ರ ಸುತ್ತ ಇರಬೇಕು. ದಾಟಿದ್ರ ಉಗಿ ಹೆಚ್ಚು. ಕೋರ್ ಸರಿ ಬೇಯದಿದ್ರ ಗ್ಯಾಸ್ ಹೆಚ್ಚು. ಮೆಟಲ್ ತಣ್ಣಗಿದ್ರ ಆ ಗ್ಯಾಸ್ ಹೊರಬೀಳೂದರಾಗ ಗಟ್ಟಿ ಆಗಿಬಿಡತೈತಿ. ಒಬ್ಬರ ಕೈಯಾಗ ಇರೋ ರಿಪೇರಿ ಅಲ್ಲ ಇದು.

ಪೀಸ್ ಅದ ದಿನ ಒಡದು ಟೇಬಲ್ ಮ್ಯಾಲೆ ಇಡ್ರಿ, ಮೂರೂ ಕಡೆಯವರನ್ನ ಸುತ್ತ ನಿಲ್ಲಸ್ರಿ. ತೂತು ಕೋರಿನ ಮಗ್ಗಲಕ ಐತೋ, ಮ್ಯಾಲಿನ ತೊಗಲಿನ ಕೆಳಗ ಐತೋ, ಮೊದಲ ಅದನ್ನ ನೋಡ್ರಿ. 'ಯಾರ ಪಾಳಿದು?' ಅನ್ನೂದು ಮೊದಲ ಪ್ರಶ್ನೆ ಆತಂದ್ರ ಮುಗೀತು. ನಾಳಿಂದ ತೇವದ ರಜಿಸ್ಟರಿನಾಗ ತಾಸತಾಸಿಗೂ 3.5, 3.5, 3.5, ಒಂದ ಪೆನ್ನಿನಾಗ, ಒಂದ ಉಸುರಿನಾಗ ಬರದಿರತಾರ. ಅಷ್ಟು ಚಂದನ ರಜಿಸ್ಟರ್ ಕಂಡ್ರ ಹೆದರ್ರಿ.

25 ಮಂದಿನ್ನ ಒಂದ ಗುಂಪು ಮಾಡಬ್ಯಾಡ್ರಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಹಗ್ಗ ಎಳಸಿ ಅಳದು 1913ರಾಗ ಪ್ರಕಟಿಸಿದ ಲೆಕ್ಕ ಐತಿ: 8 ಮಂದಿ ಕೂಡಿ ಎಳದ್ರ ತಲಾ ಬಲ ಸುಮಾರು ಅರ್ಧಕ್ಕ ಇಳೀತು. ಐದಾರು ಮಂದಿಯ ಗುಂಪಿನಾಗ ಯಾರ ಕೈ ಎಲ್ಲೈತಿ ಎಲ್ಲಾರಿಗೂ ಕಾಣತೈತಿ.

ಇನ್ನ ಪಾಳಿ ಬದಲಾಗೋ ಹೊತ್ತು. ಹೋಗಾಂವ ಕೈ ತೊಳಿಯೂದರಾಗ, ಬರಾಂವ ಪಂಚ್ ಮಾಡೂದರಾಗ. ಇಬ್ಬರ ಮಾರಿ ಕೂಡಂಗಿಲ್ಲ. ಹತ್ತು ನಿಮಿಷ ಇಬ್ಬರೂ ಮಷಿನ್ ಮುಂದ ನಿಲ್ಲಬೇಕು: ಏನು ನಿಂತಿತ್ತು, ಏನು ಅರ್ಧಕ್ಕ ಐತಿ, ಕರಗಿದ ಲೋಹ ಹೊಯ್ಯೋ ಯಾವ ಲ್ಯಾಡಲ್ ಒಣಗಿಲ್ಲ. ಕನ್ನಡ, ಮರಾಠಿ, ಹಿಂದಿ, ಯಾವುದರಾಗರ ಹೇಳ್ಲಿ. ಆದ್ರ ಆ ಹತ್ತು ನಿಮಿಷಕ್ಕ ಪಗಾರ ಕೊಡ್ರಿ. ಪುಕ್ಕಟೆ ನಿಲ್ಲಸಿದ್ರ ಎರಡ ವಾರಕ್ಕ ಬಂದಾಗತೈತಿ.

ಕಾಂಟ್ರ್ಯಾಕ್ಟ್ ಮಂದಿಗೆ ಗೇಟಿನ ಹೊರಗ ಚಾ, ಕಾಯಂ ಮಂದಿಗೆ ಕ್ಯಾಂಟೀನ್ ಅಂದ್ರ ಮ್ಯಾಲೆ ಹೇಳಿದ್ದೆಲ್ಲ ವ್ಯರ್ಥ. ಖಂಡೇಪೂಜೆಗೆ ಕುಂದಾದ ಡಬ್ಬಿ ತರಸ್ತೀರಲ್ಲ, ಅವನ್ನ ಪಗಾರ ಪಟ್ಟಿ ನೋಡಿ ಎಣಸಬ್ಯಾಡ್ರಿ, ಗೇಟ್ ರಜಿಸ್ಟರ್ ನೋಡಿ ಎಣಸ್ರಿ.