ಇಪ್ಪತ್ತಿಂಚಿನ ಸಂಸಾರ

ಜನ ಕಾರು ಕೊಳ್ಳಲು ಹೋದರೆ ಬಣ್ಣ ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ. ನಾವು ಟೇಪು ಬಿಚ್ಚುತ್ತೇವೆ. ನಮ್ಮಾಕಿಯ ಹೊಲಿಗೆ ಮಶೀನಿನ ಖಾನೆಯಲ್ಲಿರುವ ಬಟ್ಟೆ ಅಳೆಯೋ ಟೇಪು. ನೆಲದಿಂದ ಸೀಟಿಗೆ ಎಷ್ಟು ಇಂಚು ಅನ್ನೋದೇ ನಮಗೆ ಕಾರಿನ ಜಾತಕ.

ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ. ಅವಳಿಗೆ ಮದುವೆಯಾದ ಎಂಟನೇ ವರ್ಷ ಸಂಧಿವಾತ. ನನ್ನ ಕಾಲು ಅಂದು ಹೇಗಿತ್ತೋ ಇಂದೂ ಹಾಗೇ ಇದೆ, ಮಾತಿಗೆ ತಪ್ಪದ ಕಾಲು. ಅವಳ ಮೊಣಕಾಲು ಮಾತ್ರ ವರ್ಷಕ್ಕೊಂದು ಹೊಸ ಷರತ್ತು ಹಾಕುತ್ತದೆ.

ಮೊದಲು ಕೈನೆಟಿಕ್ ಹೋಂಡಾ ಇತ್ತು. ಗೇರಿಲ್ಲ, ಕಿಕ್ ಹೊಡೆಯೋದಿಲ್ಲ, ಬಟನ್ ಒತ್ತಿದರೆ ಮುಗೀತು. ಹಿಂದೆ ಎರಡು ಹೆಚ್ಚಿನ ಗಾಲಿ ಹಾಕಿಸಿದ್ದೆ. ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮಹಾರಾಜನ ಹಾಗೆ ಹೋಗಿ ಪೇಢೆ ತಂದಿದ್ದೇವೆ. ಮಳೆಗಾಲ ಬಂದರೆ ಮಾತ್ರ ಫಜೀತಿ. ಮುಂದಿನ ಗಾಲಿ ತಪ್ಪಿಸಿದ ತಗ್ಗಿಗೆ ಪಕ್ಕದ ಗಾಲಿ ತಪ್ಪದೆ ಹಾಜರಿ ಹಾಕುತ್ತಿತ್ತು. ಎರೆಮಣ್ಣಿನ ಕೆಸರು ಸೀದಾ ಅವಳ ಸೀರೆಗೆ.

ಆಮೇಲೆ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು. ಮೆಕ್ಯಾನಿಕ್ ಕ್ಲಚ್ಚಿನ ಕೇಬಲ್ ಎಳೆದು ಗೇರಿನ ಪಕ್ಕ ಒಂದು ಹಿಡಿಕೆ ಕೂರಿಸಿಕೊಟ್ಟ. ಎಡಗೈಗೆ ಕ್ಲಚ್ಚು ಮತ್ತು ಗೇರು, ಬಲಗೈಗೆ ಸ್ಟೇರಿಂಗ್. ಚನ್ನಮ್ಮ ಸರ್ಕಲ್ಲಿನಲ್ಲಿ ಹಾರ್ನ್ ಹೊಡೆಯೋಕೆ ಕೈ ಉಳಿಯುತ್ತಿರಲಿಲ್ಲ. ಹಾಗಾಗಿ ಹಾರ್ನಿನ ಡ್ಯೂಟಿ ನಮ್ಮಾಕಿಯದು. ಅವಳು ಸಿಟ್ಟು ಬಂದಾಗಲೂ ಹೊಡೆಯುತ್ತಿದ್ದಳು. ಸಿಟ್ಟು ನನ್ನ ಮೇಲೆ, ಹಾರ್ನು ಮುಂದಿನ ಆಟೋದವನಿಗೆ.

ಆ ಸೀಟು ತಗ್ಗು. ಕೂರುವಾಗ ಬಿದ್ದ ಹಾಗೆ, ಏಳುವಾಗ ಬಾವಿಯಿಂದ ಕೊಡ ಸೇದಿದ ಹಾಗೆ. ಗದಗಿನಲ್ಲೊಂದು ಮದುವೆಗೆ ಹೋದಾಗ ಅವಳು ಇಳಿಯಲಾಗದೆ ಕೂತುಬಿಟ್ಟಳು. ಬೀಗರ ಕಡೆಯ ಇಬ್ಬರು ಹೆಂಗಸರು ಬಂದು ಎಳೆದರು. ನಾನು ಕೋಲು ಹಿಡಿದು ಸಲಹೆ ಕೊಡುತ್ತಿದ್ದೆ. ಮದುಮಗನ ಕಾರೇ ಬಂತು ಅಂದುಕೊಂಡು ಓಡಿಬಂದ ಅಜ್ಜಿಯೊಬ್ಬಳು ನಮ್ಮಾಕಿಗೇ ಆರತಿ ಎತ್ತಿಬಿಟ್ಟಳು. ಇವಳು ಸುಮ್ನೆ ಎತ್ತಿಸಿಕೊಂಡಳು ಅನ್ನೋದು ಬೇರೆ ಮಾತು.

2014ರಲ್ಲಿ ಸೆಲೆರಿಯೊ ಎಎಂಟಿ ಬಂತು, ಮಾಮೂಲಿ ಗೇರನ್ನೇ ಯಂತ್ರ ತಾನಾಗಿ ಬದಲಿಸೋ ಕಾರು. ಕ್ಲಚ್ ಪೆಡಲೇ ಇಲ್ಲ! ಇಂಥ ಗೇರು ನಮ್ಮ ದೇಶದ ಕಾರಿನಲ್ಲಿ ಅದೇ ಮೊದಲು. ಸಾಲ ಮಾಡಿ ತಂದೆವು. ಆರೇಳು ವರ್ಷ ಸುಖ. ಸುಖದ ಬಗ್ಗೆ ಬರೆಯೋಕೆ ಏನಿರುತ್ತದೆ, ಬಿಡಿ.

2021ರಲ್ಲಿ ಪೆಟ್ರೋಲು ನೂರು ರೂಪಾಯಿ ದಾಟಿತು. ನಾನು ಜಾಣನಾಗಿ ಅದಕ್ಕೆ ಸಿಎನ್‌ಜಿ ಕಿಟ್ ಹಾಕಿಸಿದೆ. ಮುಂದಿನ ತಿಂಗಳೇ ಡಾಕ್ಟರು ಅವಳಿಗೆ ವೀಲ್‌ಚೇರ್ ಬರೆದರು. ಡಿಕ್ಕಿ ತೆಗೆದರೆ ಸಿಲಿಂಡರು ಕಾಲು ಚಾಚಿ ಮಲಗಿದೆ. ಹೀಗಾಗಿ ವೀಲ್‌ಚೇರ್ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂರತೊಡಗಿತು. ಮನೆಗೆ ಬಂದ ನೆಂಟರು ಚಿಗರಿಗೆ, ಅಂದ್ರೆ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಹೋದರು. ತಮಾಷೆ ಏನಂದ್ರೆ, ಚಿಗರಿಯ ನಿಲ್ದಾಣ ಬಸ್ಸಿನ ಬಾಗಿಲಿಗೆ ಸಮ ಇರುತ್ತದೆ, ವೀಲ್‌ಚೇರಿಗೇ ಹೇಳಿ ಮಾಡಿಸಿದ್ದು.

"ಮತ್ತ ನಾವ ಬಸ್ಸಿಗೆ ಹೋಗೂಣಲ್ರೀ?" ಅಂದಳು. ಹೋಗಬಹುದು. ಆದರೆ ಮನೆಯಿಂದ ನಿಲ್ದಾಣದವರೆಗಿನ ಫುಟ್‌ಪಾತನ್ನು ಯಾರು ಸಮ ಮಾಡಬೇಕು? ರೈಲಿನ ಕಥೆಯೂ ಅಷ್ಟೇ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮು 1507 ಮೀಟರು, ಜಗತ್ತಿನಲ್ಲೇ ಉದ್ದ. ಊರಿಗೆಲ್ಲ ಹೆಮ್ಮೆ. ನಮ್ಮ ಬೋಗಿ ಮಾತ್ರ ಯಾವಾಗಲೂ ಆ ತುದಿಗೇ ಬರುತ್ತದೆ.

ಸರಿ, ಹೊಸ ಕಾರು. ಆಗ ನಮ್ಮಂಥವರಿಗೆ ಸಣ್ಣ ಕಾರಿನ ಮೇಲೆ 18% ಜಿಎಸ್‌ಟಿ ಇತ್ತು, ಉಳಿದವರಿಗೆ 28%, ಮೇಲೆ ಸೆಸ್. ಈ ರಿಯಾಯಿತಿಗಾಗಿ ಸರ್ಟಿಫಿಕೇಟು, ಫೋಟೊ, ಝೆರಾಕ್ಸು ಹಿಡಿದು ಓಡಾಡಿದೆ. ಓಡಾಡಿದೆ ಅನ್ನೋದು ಮಾತಿಗೆ. ಎಲ್ಲ ಕಾಗದ ಕೈಗೆ ಬರುವಷ್ಟರಲ್ಲಿ 2025ರ ಸೆಪ್ಟೆಂಬರ್ 22 ಬಂತು, ಸಣ್ಣ ಕಾರು ಎಲ್ಲರಿಗೂ 18% ಆಯಿತು. ದಿನಾ ಬೆಳಿಗ್ಗೆ ಉಣಕಲ್ ಕೆರೆ ಸುತ್ತೋ ಪಕ್ಕದ ಮನೆಯವರು ಒಂದು ಝೆರಾಕ್ಸೂ ಇಲ್ಲದೆ ಅದೇ ರೇಟಿಗೆ ತಂದರು. ಪೇಢೆ ಬೇರೆ ಕೊಟ್ಟರು.

ಶೋರೂಮಿನ ಹುಡುಗ ಸನ್‌ರೂಫ್ ತೆರೆದು ತೋರಿಸಿದ. ನಮ್ಮಾಕಿ ಕುರ್ಚಿಯಲ್ಲೇ ಕೂತು ಹೇಳಿದಳು, "ಆಕಾಶ ಆಮ್ಯಾಲೆ ನೋಡೂಣಪಾ, ಮದಲ ನೆಲಾ ನೋಡು." ಟೇಪು ಕೊಟ್ಟಳು. ಪಾಪ, ಟೈ ಕಟ್ಟಿದ್ದ ಹುಡುಗ ಮೊಣಕಾಲೂರಿ ಅಳೆದ. ವೀಲ್‌ಚೇರು ಇಪ್ಪತ್ತಿಂಚು. ಮೊದಲ ಕಾರು ಹದಿನೆಂಟು, ಇನ್ನೊಂದು ಇಪ್ಪತ್ತೈದು, ಅದಕ್ಕೆ ಏಣಿಯೇ ಬೇಕು. ಮೂರನೆಯದು ಇಪ್ಪತ್ತೂವರೆ. ಅವಳು ಸರಕ್ಕಂತ ಜಾರಿ ಕೂತಳು. ಡಿಕ್ಕಿಯೂ ಖಾಲಿ. ಬಣ್ಣ ಯಾವುದು ಅಂತ ಕೇಳಲು ಇಬ್ಬರಿಗೂ ನೆನಪಾಗಲಿಲ್ಲ. ಕೆಂಪು ಬಂತು.

ಮನೆಗೆ ತಂದು ನಿಲ್ಲಿಸಿ ಬಾಗಿಲು ತೆಗೆದೆ. ಅರ್ಧ ತೆಗೆಯುವಷ್ಟರಲ್ಲಿ ಕಂಪೌಂಡ್ ಗೋಡೆಗೆ ಬಡಿಯಿತು. ವೀಲ್‌ಚೇರು ನಿಲ್ಲಿಸೋ ಮಾತು ದೂರ, ಒಂದು ಬೆಕ್ಕು ಇಳಿಯಲೂ ಜಾಗವಿಲ್ಲ. ಟೇಪನ್ನು ಶೋರೂಮಿಗೆ ಒಯ್ದಿದ್ದೆವು, ಮನೆಯಲ್ಲಿ ಬಿಚ್ಚಿರಲಿಲ್ಲ.

ಮರುದಿನ ಗೌಂಡಿ ಬಂದ. ಗೋಡೆ ನೋಡಿದ, ಕಾರು ನೋಡಿದ, ಎಲೆ ಅಡಿಕೆ ಉಗುಳಿ ಬಂದ. "ಸಾಹೇಬ್ರ, ಮುಂದಿನ ಕಾರು ಇದಕ್ಕಿಂತ ದೊಡ್ಡದು ತರಾವ್ರಿದ್ರ ಈಗ ಹೇಳಿಬಿಡ್ರಿ. ಗೋಡಿ ಒಮ್ಮೆಲೆ ಪೂರಾ ಒಡೀತೀನಿ."

ನಾನು ಅವಳ ಮುಖ ನೋಡಿದೆ. ಅವಳು ತನ್ನ ಮೊಣಕಾಲು ನೋಡಿಕೊಂಡಳು.