ಹೋಲ್ಡಾನ್ ಅಂದರೂ ನಿಲ್ಲದ ರೈಲು

ಕಳೆದ ವಾರ ಕಾಡಿನ ನಡುವೆ ಓಡುತ್ತಿದ್ದ ರೈಲಿನಲ್ಲಿ ಎದ್ದು ನಿಂತು "ಹೋಲ್ಡಾನ್!" ಎಂದು ಕೂಗಿಬಿಟ್ಟೆ. ಆಸ್ಟ್ರಿಯಾದ ಇನ್ಸ್‌ಬ್ರೂಕ್‌ಗೆ ಬಂದು ಹನ್ನೊಂದು ವರ್ಷವಾಯಿತು. ಕಚೇರಿಗೆ, ಅಂಗಡಿಗೆ ಸಾಲುವಷ್ಟು ಜರ್ಮನ್ ಬರುತ್ತದೆ. ಗಾಬರಿಯಾದಾಗ ಬಾಯಿಗೆ ಬರುವುದು ಮಾತ್ರ ಸಾಗರದ ಖಾಸಗಿ ಬಸ್ಸಿನ ಭಾಷೆಯೇ. ತೆಲ್ಫರ್ ವೀಸೆನ್ ಎಂಬಲ್ಲಿ ಇಳಿಯಬೇಕಿತ್ತು. ಗುಂಡಿ ಒತ್ತಿದರಷ್ಟೇ ರೈಲು ನಿಲ್ಲುವುದು; ನಾನು ಮೊಬೈಲ್ ನೋಡುತ್ತ ಮರೆತಿದ್ದೆ. ಕಂಡಕ್ಟರ್ ಇಲ್ಲ, ಚಾಲಕ ಗಾಜಿನ ಬಾಗಿಲಿನ ಆಚೆ. ಎದುರು ಕುಳಿತಿದ್ದ ಅಜ್ಜಿಯೊಬ್ಬರು ಏನೂ ಮಾತಾಡದೆ ಕೈ ಚಾಚಿ, ನನ್ನ ಮೊಣಕೈ ಪಕ್ಕದಲ್ಲೇ ಇದ್ದ ಗುಂಡಿಯನ್ನು ಒತ್ತಿ ನಕ್ಕರು.

ಮುಂದಿನ ನಿಲ್ದಾಣದವರೆಗೆ ಅವರೇ ಮಾತಿಗೆಳೆದರು. ಹುಡುಗಿಯಾಗಿದ್ದಾಗ ಇದೇ ಹಾದಿಯಲ್ಲಿ ಮರದ ಬೋಗಿಯಲ್ಲಿ ಕುಳಿತು ಇನ್ಸ್‌ಬ್ರೂಕ್‌ನ ಶಾಲೆಗೆ ಹೋಗುತ್ತಿದ್ದರಂತೆ. ಅವರ ಅಜ್ಜಿ ಪೇಟೆಗೆ ಹೋಗುತ್ತಿದ್ದುದೂ ಅದೇ ಬೋಗಿಯಲ್ಲಂತೆ. ಅಂಥದ್ದೇ ಬೋಗಿಯೇ ಎಂದು ಕೇಳಿದೆ. "ಅಂಥದ್ದಲ್ಲ, ಅದೇ" ಎಂದರು.

ಅದು ಉತ್ಪ್ರೇಕ್ಷೆಯಲ್ಲ. ಇನ್ಸ್‌ಬ್ರೂಕ್‌ನಿಂದ ಶ್ಟೂಬಾಯ್ ಕಣಿವೆಯ ಫುಲ್ಪ್‌ಮೆಸ್ ಊರಿಗೆ 18 ಕಿಲೋಮೀಟರ್ ಚಿಲ್ಲರೆ ಹಾದಿಯ ಈ ರೈಲು 1904ರಲ್ಲಿ ಶುರುವಾಯಿತು. ಅಂದಿನ ಮರದ ಬೋಗಿಗಳೇ 1983ರವರೆಗೂ ಓಡಿದವು. ಇದನ್ನು ಕಟ್ಟಿಸಿದ ಎಂಜಿನಿಯರ್ ಯೋಸೆಫ್ ರೀಲ್. ನಗರಕ್ಕೆ ಕರೆಂಟು ಕೊಡಲು ಸಿಲ್ ನದಿಯ ಮೇಲೆ 1903ರಲ್ಲಿ ಎದ್ದ ವಿದ್ಯುದಾಗಾರದ ಹಿಂದಿದ್ದವರೂ ಅವರೇ. ಕರೆಂಟು ಹೇಗೂ ಇದೆ, ರೈಲಿಗೂ ಅದನ್ನೇ ಕೊಟ್ಟರಾಯಿತು ಎಂದುಕೊಂಡರು. ಆಗ ಕರೆಂಟಿನ ಟ್ರಾಮುಗಳು ಹೆಚ್ಚಾಗಿ ಡಿಸಿಯವು, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನವು. ಕಡಿಮೆ ವೋಲ್ಟೇಜಿನ ಡಿಸಿ ಬೆಟ್ಟದ ಹಾದಿಯಲ್ಲಿ ದೂರ ಹೋಗಲಾರದು, ನಡುನಡುವೆ ಉಪಕೇಂದ್ರ ಕಟ್ಟಬೇಕು. ಹಾಗಾಗಿ 2,500 ವೋಲ್ಟಿನ ಸಿಂಗಲ್ ಫೇಸ್ ಎಸಿಯನ್ನೇ (ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ತಂತಿಗೆ ಬಿಟ್ಟರು. ಆ ಬಗೆಯ ರೈಲುಗಳಲ್ಲಿ ಜಗತ್ತಿನ ಮೊದಮೊದಲಿನದು ಇದು. ಅಷ್ಟು ಹೊಸ ಪ್ರಯೋಗ ನಡೆದದ್ದು ಯಾವ ರಾಜಧಾನಿಗಾಗಿಯೂ ಅಲ್ಲ, ಸುತ್ತಿಗೆ, ಕೊಡಲಿ ಬಡಿಯುವ ಕಮ್ಮಾರರ ಊರೊಂದಕ್ಕಾಗಿ! ಫುಲ್ಪ್‌ಮೆಸ್ ಹತ್ಯಾರಗಳಿಗೆ ಇಂದಿಗೂ ಹೆಸರುವಾಸಿ.

ನನಗೆ ಚುಚ್ಚಿದ್ದು ಇಸವಿ. ನಮ್ಮ ಶಿವನಸಮುದ್ರದ ಕರೆಂಟು 1902ರಲ್ಲೇ 147 ಕಿಲೋಮೀಟರ್ ದೂರದ ಕೋಲಾರದ ಗಣಿ ಮುಟ್ಟಿತ್ತು. ಇವರಿಗಿಂತ ಒಂದು ವರ್ಷ ಮುಂಚೆ. ಚಿನ್ನ ಅಗೆಯುವುದಕ್ಕೆ ಹೋಯಿತು, ಊರಿನವರನ್ನು ಸಂತೆಗೆ ಒಯ್ಯುವುದಕ್ಕಲ್ಲ. ಜೋಗದ ವಿದ್ಯುದಾಗಾರ 1948ರಿಂದ ತಿರುಗುತ್ತಿದೆ; ಅದರ ಮಗ್ಗುಲಿನ ತಾಳಗುಪ್ಪದ ರೈಲು ತೀರ ಈಚಿನವರೆಗೂ ಹೊಗೆ ಉಗುಳುತ್ತಲೇ ಬಂತು.

ತಾಳಗುಪ್ಪದ ಹಳೆಯ ಹಳಿಯೂ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ್ದು; ಶ್ಟೂಬಾಯ್‌ನದೂ ಮೀಟರ್ ಗೇಜ್. ನನ್ನ ಹುಡುಗುತನದಲ್ಲಿ ನಮ್ಮ ಹಳಿಯ ಮೇಲೆ ರೈಲು ಬಸ್ಸು ಓಡುತ್ತಿತ್ತು. ಅಪ್ಪ ಕೊಡೆ ಎತ್ತಿ ಆಡಿಸಿದರೆ ಚಾಲಕ ನಿಧಾನ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ದೊಡ್ಡವರಿಗೆ ಅದೊಂದು ತಮಾಷೆ: ಇಳಿದು ಕಾಫಿ ಕುಡಿದು ಓಡಿ ಹತ್ತಬಹುದು ಎನ್ನುತ್ತಿದ್ದರು. ಒಂದು ದಿನ ನಿಂತಿತು. ಹಳಿ ಕಿತ್ತರು, ವರ್ಷಗಟ್ಟಲೆ ಏನೂ ಇರಲಿಲ್ಲ, 2011ರಲ್ಲಿ ಬ್ರಾಡ್‌ಗೇಜ್ ಬಂತು. ಆ ಹಳೆಯ ರೈಲಿಗೆ ನಮ್ಮ ಕೇರಿಯಲ್ಲಿರುವ ಏಕೈಕ ಸ್ಮಾರಕವೆಂದರೆ ಒಬ್ಬರ ಕೊಟ್ಟಿಗೆಯಲ್ಲಿ ದನ ಕಟ್ಟುವ ಗೂಟ. ಹಳಿಯ ತುಂಡು. ಅಲ್ಲಿಗೆ ಹೇಗೆ ಬಂತೆಂದು ಯಾರೂ ಕೇಳಿಲ್ಲ.

ಇಲ್ಲಿಯವರೂ ಬದಲಿಸಿದರು, ಆದರೆ ಹಾದಿ ಬಿಡಲಿಲ್ಲ. 1983ರಲ್ಲಿ ಎಸಿ ತೆಗೆದು ಡಿಸಿ ಹಾಕಿ, ಹಳಿಯನ್ನು ನಗರದ ಟ್ರಾಮ್ ಹಳಿಗೆ ಜೋಡಿಸಿದರು. ಜರ್ಮನಿಯ ಹಾಗೆನ್ ಎಂಬ ಊರಿನ ಸೆಕೆಂಡ್‌ಹ್ಯಾಂಡ್ ಟ್ರಾಮುಗಳನ್ನು ತಂದು ಓಡಿಸಿದರು, ನಾಚಿಕೆ ಪಡಲಿಲ್ಲ. ಈಗ ಪೇಟೆಯ ನಡುವಿನ ಮುಖ್ಯ ನಿಲ್ದಾಣದಲ್ಲಿ ಹತ್ತಿದರೆ ಹುಲ್ಲುಗಾವಲಿನಲ್ಲಿ ಇಳಿಯಬಹುದು. ಹಳೆಯ ನಿಲ್ದಾಣದಲ್ಲಿ ಪುಟ್ಟ ವಸ್ತುಸಂಗ್ರಹಾಲಯವಿದೆ. ನಾವಾದರೋ ಹೊಸದು ಬಂದರೆ ಹಳೆಯದರ ಹೆಸರೂ ಇರಬಾರದು ಎನ್ನುವವರು. ಅಟ್ಟದ ಮೇಲಿನ ತಾಮ್ರದ ಹಂಡೆಯನ್ನು ತೂಕಕ್ಕೆ ಹಾಕಿ ಸ್ಟೀಲು ತಂದವರಲ್ಲವೇ!

ಇಷ್ಟು ಬರೆದ ಮೇಲೆ ಹೇಳದೆ ವಿಧಿಯಿಲ್ಲ. ಬ್ರಾಡ್‌ಗೇಜ್ ಬಂದದ್ದರಿಂದಲೇ ಅಮ್ಮ ಸಾಗರದಲ್ಲಿ ರಾತ್ರಿ ಹತ್ತಿ ಮಲಗಿ ಬೆಳಗ್ಗೆ ಬೆಂಗಳೂರಿನ ಅಕ್ಕನ ಮನೆಗೆ ಹೋಗುತ್ತಾರೆ; ರೈಲು ಬಸ್ಸಿನಲ್ಲಿ ಅದು ಆಗುತ್ತಿರಲಿಲ್ಲ. ಇಲ್ಲಿಯೂ ಫುಲ್ಪ್‌ಮೆಸ್‌ಗೆ ಬಸ್ಸು ರೈಲಿಗಿಂತ ಬೇಗ ಮುಟ್ಟಿಸುತ್ತದೆ. ಕಣಿವೆಯ ಒಳಗಿನ ನಾಯ್‌ಶ್ಟಿಫ್ಟ್‌ಗಂತೂ ಹಳಿ ಹೋಗಲೇ ಇಲ್ಲ. ರೈಲನ್ನು ಅಷ್ಟು ಹೊಗಳಿದ ಆ ಅಜ್ಜಿ ಕೂಡ ಡಾಕ್ಟರರ ಹತ್ತಿರ ಹೋಗುವ ದಿನ ಬಸ್ಸನ್ನೇ ಹತ್ತುತ್ತಾರಂತೆ.

ಮುಂದಿನ ನಿಲ್ದಾಣದಲ್ಲಿ ಇಳಿದು ಲಾರ್ಚ್ ಮರಗಳ ನಡುವೆ ಹಿಂದಕ್ಕೆ ನಡೆಯುತ್ತ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 1904, ಎಸಿ, ಮರದ ಬೋಗಿ ಯಾವುದೂ ಅವರ ಕಿವಿಗೆ ಬೀಳಲಿಲ್ಲ.

"ಕೂಗಿದರೂ ನಿಲ್ಲಿಸಲಿಲ್ಲವಾ? ಎಂಥ ಜನರೋ ಮಾರಾಯ" ಎಂದರು.